ಕತ್ತಿನ ಕರಿಪಟ್ಟಿ: ಯುರೋಪಿನ ಉಡುಪು ತೊಟ್ಟ ಒಂದು ಚೀನೀ ಪಿಂಗಾಣಿ ಹಕ್ಕಿಯ ಪ್ರಕರಣ

ಈ ಪ್ರಕರಣದಲ್ಲಿ ಬರುವ ಕುಟುಂಬ, ಅವರಿದ್ದ ಊರು, ವಿಮಾ ಸಂಸ್ಥೆ ಇವುಗಳ ಹೆಸರನ್ನು ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಪಿಂಗಾಣಿ ವಸ್ತುಗಳನ್ನು ಪರೀಕ್ಷಿಸಿ ದುರಸ್ತಿ ಮಾಡುವುದು ನನ್ನ ಕಸುಬು. ಹಳೆಯ ವಸ್ತುಗಳನ್ನು ಕೊಳ್ಳುವವರಿಗೂ, ಮನೆಯಲ್ಲಿ ಇಟ್ಟುಕೊಂಡವರಿಗೂ, ನನ್ನಂತೆ ಅವುಗಳ ಬಗ್ಗೆ ಅಭಿಪ್ರಾಯ ಹೇಳುವವರಿಗೂ ಉಪಯೋಗವಾದೀತೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಎಡವಿದ ಜಾಗವೂ ಇದೆ.

ಹಿನ್ನೆಲೆ

ದಕ್ಷಿಣ ಜರ್ಮನಿಯ ಒಂದು ಪಟ್ಟಣದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ನೆಲೆಸಿದ್ದ ಕನ್ನಡದ ದಂಪತಿಗಳಲ್ಲಿ ಯಜಮಾನರು ತೀರಿಕೊಂಡರು. ಪತ್ನಿ ಮೈಸೂರಿನ ತಮ್ಮ ಮನೆಗೆ ಮರಳುವುದೆಂದು ನಿಶ್ಚಯಿಸಿ ಸಾಮಾನು ಕಟ್ಟಿಸತೊಡಗಿದರು. ಯಜಮಾನರಿಗೆ ಪಿಂಗಾಣಿಯೆಂದರೆ ಪ್ರಾಣ. 1990ರ ದಶಕದ ಕೊನೆಯಲ್ಲಿ ಒಂದು ಭಾನುವಾರದ ಹಳೇಸಾಮಾನಿನ ಸಂತೆಯಲ್ಲಿ ಅವರು ಸುಮಾರು 27 ಸೆಂ.ಮೀ. ಎತ್ತರದ ಒಂದು ಹಕ್ಕಿಯನ್ನು 900 ಮಾರ್ಕ್ ಕೊಟ್ಟು ತಂದಿದ್ದರು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಹಳೆಯ ಮನೆತನವೊಂದರಿಂದ ಬಂದದ್ದು ಎಂದು ಮಾರಿದವನು ಹೇಳಿದ್ದನಂತೆ. ಬಿಳಿಯ ಮರದ ಬೊಡ್ಡೆಯ ಮೇಲೆ ಕೂತ ಹಳದಿ ಹಕ್ಕಿ. ಕತ್ತು ಎಡಕ್ಕೆ ತಿರುಗಿದೆ, ಒಂದು ರೆಕ್ಕೆ ಈಗಷ್ಟೇ ಬಿಚ್ಚಿಕೊಳ್ಳುತ್ತಿದೆ. ಬೊಡ್ಡೆಯ ಬದಿಯಲ್ಲಿ ಕೈಯಿಂದ ಮಾಡಿ ಅಂಟಿಸಿದ ಎಲೆಗಳು, ಬುಡದಲ್ಲಿ ಒಂದು ಜೀರುಂಡೆ. ಪೀಠದ ಅಡಿಯಲ್ಲಿ ನೀಲಿಯಲ್ಲಿ ಒಂದನ್ನೊಂದು ಹಾಯ್ದ ಎರಡು ಕತ್ತಿಗಳ ಗುರುತು. ಆ ಗುರುತು 1722ರಿಂದ ಜರ್ಮನಿಯ ಮೈಸನ್ ಕಾರ್ಖಾನೆಯದು. ಯಜಮಾನರು ತಮ್ಮ ಮನೆಯ ವಸ್ತುಗಳ ಪಟ್ಟಿಯಲ್ಲಿ ಇದರ ಎದುರಿಗೆ 'ಮೈಸನ್, ಸುಮಾರು 1740' ಎಂದು ಬರೆದಿಟ್ಟಿದ್ದರು.

ಆ ಊಹೆಗೆ ಆಧಾರವಿರಲಿಲ್ಲ ಎನ್ನುವಂತಿಲ್ಲ. ಗಟ್ಟಿ ಪಿಂಗಾಣಿಯ ಗುಟ್ಟು ಯುರೋಪಿನಲ್ಲಿ ಮೊದಲು ಒಡೆದದ್ದು ಸ್ಯಾಕ್ಸನಿಯಲ್ಲಿ. ರಸವಾದಿ ಬಾಟ್‌ಗರ್ ಮತ್ತು ವಿಜ್ಞಾನಿ ಚಿರ್ನ್‌ಹೌಸ್ ಅವರ ಪ್ರಯೋಗಗಳ ಫಲವಾಗಿ 1710ರಲ್ಲಿ ಮೈಸನ್ ಕಾರ್ಖಾನೆ ಆರಂಭವಾಯಿತು. ಅಲ್ಲಿಯ ದೊರೆ ಬಲಶಾಲಿ ಆಗಸ್ಟಸ್ ಡ್ರೆಸ್ಡೆನ್ನಿನ ಜಪಾನೀ ಅರಮನೆಯನ್ನು ಪಿಂಗಾಣಿಯ ಪ್ರಾಣಿಪಕ್ಷಿಗಳಿಂದ ತುಂಬಲು ಹೊರಟ. 1731ರಲ್ಲಿ ಕಾರ್ಖಾನೆಗೆ ಸೇರಿದ ಯೋಹಾನ್ ಯೋಆಖಿಮ್ ಕೆಂಡ್ಲರ್ ಎಂಬ ಶಿಲ್ಪಿ ಹಕ್ಕಿಗಳನ್ನು ಕಣ್ಣಾರೆ ಕಂಡು ಮಾಡಿದ; ಆತನ ಹಕ್ಕಿ ಅಲುಗಾಡದೆ ನಿಂತ ಗೊಂಬೆಯಲ್ಲ, ಏನನ್ನೋ ಕೇಳಿಸಿಕೊಂಡು ತಿರುಗಿ ನೋಡುವ ಜೀವ. ಬೊಡ್ಡೆಯ ಆಸರೆ, ತಿರುಗಿದ ಕತ್ತು, ಅಂಟಿಸಿದ ಎಲೆ, ಹುಳ, ಹುಪ್ಪಟೆ, ಇವೆಲ್ಲ ಆ ಶೈಲಿಯ ಲಕ್ಷಣಗಳು. ಜರ್ಮನರು ಪಿರೋಲ್ ಎನ್ನುವ ಹೊನ್ನಕ್ಕಿಯನ್ನೂ ಆತ ಮಾಡಿದ್ದುಂಟು. ನಮ್ಮ ಪ್ರಕರಣದ ಹಕ್ಕಿಯಲ್ಲೂ ಇವಷ್ಟೂ ಇದ್ದವು.

ಸಮಸ್ಯೆ, ಮತ್ತು ನನ್ನ ಅವಸರ

ಸಾಮಾನು ಕಟ್ಟುವವರ ಕೈಯಿಂದ ಜಾರಿ ಹಕ್ಕಿಯ ಕೊಕ್ಕಿನ ತುದಿಯೂ ಮೂರು ಎಲೆಗಳೂ ಮುರಿದವು. ಎಲೆಗಳು ಸಿಕ್ಕವು, ಕೊಕ್ಕಿನ ತುದಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಸಾಗಣೆಯ ವಿಮೆ ಇತ್ತು, ಯಜಮಾನರ ಪಟ್ಟಿಯ ಆಧಾರದ ಮೇಲೆ ಮೌಲ್ಯವನ್ನೂ ನಮೂದಿಸಲಾಗಿತ್ತು. ಪರಿಹಾರ ಕೇಳಿದಾಗ ವಿಮಾ ಸಂಸ್ಥೆಯವರು ವಸ್ತು ಯಾವುದೆಂಬುದಕ್ಕೆ ತಜ್ಞರ ಅಭಿಪ್ರಾಯ ಬೇಕೆಂದರು. ಮಗ ನನಗೆ ಫೋನಿನಲ್ಲಿ ನಾಲ್ಕು ಚಿತ್ರಗಳನ್ನು ಕಳಿಸಿ ಏನನ್ನಿಸುತ್ತದೆ ಎಂದು ಕೇಳಿದರು. ನಾಲ್ಕರಲ್ಲಿ ಎರಡು ಪೀಠದ ಅಡಿಯ ಗುರುತಿನವು. 'ಗುರುತು ಸರಿಯಾಗಿಯೇ ಕಾಣುತ್ತದೆ, ವಸ್ತುವನ್ನು ನೋಡಿ ಹೇಳುತ್ತೇನೆ' ಎಂದು ಬರೆದೆ. ವಾಕ್ಯದ ಮೊದಲರ್ಧ ಮಾತ್ರ ವಿಮಾ ಸಂಸ್ಥೆಯ ಕಡತವನ್ನು ಸೇರಿತು.

ಇಲ್ಲಿ ಮಗನನ್ನು ದೂರಲಾರೆ. ಚಿತ್ರ ನೋಡಿ ಗುರುತಿನ ಬಗ್ಗೆ ಮಾತಾಡಿದ್ದು ನಾನು. ಪಿಂಗಾಣಿಯಲ್ಲಿ ಅತ್ಯಂತ ಸುಲಭವಾಗಿ ಸುಳ್ಳು ಹೇಳುವ ಭಾಗವೇ ಗುರುತು. ಅದನ್ನು ಕೊನೆಗೆ ನೋಡಬೇಕೆಂದು ನಾನೇ ಕಲಿಯುವವರಿಗೆ ಹೇಳಿಕೊಡುವವನು. ಹಾಗಿದ್ದೂ ಚಿತ್ರದಲ್ಲಿ ಎದ್ದು ಕಂಡದ್ದು ಅದೇ ಆದ್ದರಿಂದ ಕಣ್ಣು ಅಲ್ಲಿಗೇ ಹೋಯಿತು. ಹೀಗಾಗಿ ಹಕ್ಕಿ ನನ್ನ ಮೇಜಿಗೆ ಬರುವ ಹೊತ್ತಿಗೆ ಎರಡು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿದ್ದವು: ಇದು ಯಾವುದು, ಮತ್ತು ಕಳೆದುಹೋದ ಕೊಕ್ಕಿನ ತುದಿಯನ್ನು ಯಾವ ಆಕಾರದಲ್ಲಿ ಕಟ್ಟಿಕೊಡಬೇಕು.

ಮೇಜಿನ ಮೇಲೆ

ಮೊದಲು ಒಳಗನ್ನು ನೋಡಿದೆ. ಆವಿಗೆಯಲ್ಲಿ ಸುಡುವಾಗ ಒಳಗಿನ ಗಾಳಿ ಹಿಗ್ಗಿ ಗೊಂಬೆ ಒಡೆಯದಂತೆ ಪೀಠದಲ್ಲಿ ಒಂದು ತೂತು ಬಿಟ್ಟಿರುತ್ತಾರೆ. ಅದರೊಳಗೆ ಸಣ್ಣ ಬೆಳಕನ್ನೂ ಹಲ್ಲಿನ ವೈದ್ಯರು ಬಳಸುವ ಕನ್ನಡಿಯನ್ನೂ ಹಾಕಿದರೆ ಗೊಂಬೆ ಹೇಗೆ ಹುಟ್ಟಿತೆಂಬುದು ಕಾಣುತ್ತದೆ. ಹದಿನೆಂಟನೆಯ ಶತಮಾನದ ಮೈಸನ್ ಗೊಂಬೆಯಲ್ಲಿ ಹದವಾದ ಮಣ್ಣನ್ನು ಅಚ್ಚಿನೊಳಕ್ಕೆ ಬೆರಳಿನಿಂದ ಒತ್ತುತ್ತಿದ್ದರು. ಆದ್ದರಿಂದ ಒಳಮೈ ಉಬ್ಬುತಗ್ಗಾಗಿ, ಬೆರಳಿನ ಗುಳಿಗಳಿಂದ ತುಂಬಿರುತ್ತದೆ. ದಪ್ಪ ಒಂದೆಡೆ ಇದ್ದಂತೆ ಇನ್ನೊಂದೆಡೆ ಇರುವುದಿಲ್ಲ. ಈ ಹಕ್ಕಿಯ ಒಳಮೈ ನೀರು ಹರಿದು ಇಳಿದಂತೆ ನುಣುಪಾಗಿತ್ತು. ಹೊರಗೆ ಎದೆ ಉಬ್ಬಿದಲ್ಲಿ ಒಳಗೂ ಉಬ್ಬು, ಹೊರಗೆ ತಗ್ಗಿದಲ್ಲಿ ಒಳಗೂ ತಗ್ಗು. ಗೋಡೆಯ ದಪ್ಪ ಎಲ್ಲೆಲ್ಲೂ ಹೆಚ್ಚುಕಡಿಮೆ 3 ಮಿ.ಮೀ. ಮಣ್ಣನ್ನು ಗಂಜಿಯಂತೆ ಕದಡಿ, ಪ್ಲಾಸ್ಟರಿನ ಅಚ್ಚಿಗೆ ಹೊಯ್ದು, ಅಚ್ಚು ನೀರನ್ನು ಹೀರಿ ಗೋಡೆ ಕಟ್ಟಿಕೊಂಡ ಮೇಲೆ ಉಳಿದದ್ದನ್ನು ಬಸಿದು ತೆಗೆದಾಗ ಮಾತ್ರ ಹೀಗಾಗುತ್ತದೆ. 1740 ಎಂಬ ವರ್ಷ ಅಲ್ಲಿಗೇ ಅಲುಗಾಡಿತು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ನಕಲು ಇರಬಹುದೆಂದು ಟಿಪ್ಪಣಿ ಮಾಡಿಕೊಂಡೆ. ಪ್ಯಾರಿಸ್ಸಿನಲ್ಲಿ 1845ರಲ್ಲಿ ಆರಂಭವಾದ ಸ್ಯಾಮ್ಸನ್ ಕಾರ್ಖಾನೆಯಂತಹ ಕಡೆಗಳಲ್ಲಿ ಇಂತಹ ಮೈಸನ್ ಮಾದರಿಗಳನ್ನು ಧಾರಾಳವಾಗಿ ಮಾಡುತ್ತಿದ್ದರು.

ಎರಡನೆಯದು ಗುರುತು. ಹತ್ತು ಪಟ್ಟು ಹಿಗ್ಗಿಸುವ ಗಾಜಿನಲ್ಲಿ ನೋಡಿದರೆ ನೀಲಿ ಬಣ್ಣ ಅಸಲಿ ಮೈಸನ್ನಿನಲ್ಲಿ ಸಾಮಾನ್ಯವಾಗಿ ಇರುವಂತೆ ಗಾಜುಲೇಪದ ಕೆಳಗಿರಲಿಲ್ಲ, ಮೇಲೆ ಕೂತಿತ್ತು. ಅಂಚಿನಲ್ಲಿ ಕುಂಚದ ಬಣ್ಣ ಸ್ವಲ್ಪ ದಿಬ್ಬವಾಗಿ ನಿಂತಿತ್ತು. ಲೇಪದ ಮೇಲೆ ಬಳಿದು ಮತ್ತೆ ಸುಟ್ಟ ಎನಾಮಲ್ ಆಗಿದ್ದರೆ ಅದು ಕಲ್ಲಿನಂತೆ ಹಿಡಿದಿರುತ್ತದೆ, ಯಾವ ದ್ರಾವಕಕ್ಕೂ ಜಗ್ಗುವುದಿಲ್ಲ. ಸುಡದೆ ಹಾಗೇ ಬಳಿದ ಬಣ್ಣವಾದರೆ ಅಸಿಟೋನ್ ತಾಗಿದ ಕೂಡಲೇ ಬಿಡುತ್ತದೆ. ಆದರೆ ಈ ಪರೀಕ್ಷೆ ಮಾಡಿದರೆ ಆ ಚೂರು ಗುರುತು ಮರಳಿ ಬರುವುದಿಲ್ಲ. ಆದ್ದರಿಂದ ಒಂದು ಕತ್ತಿಯ ಹಿಡಿಯ ತುದಿಯಲ್ಲಿ ಒಂದೇ ಒಂದು ಮಿ.ಮೀ. ಮಾತ್ರ ಪರೀಕ್ಷಿಸಲು ಯಜಮಾನತಿಯವರಿಂದ ಬರಹದಲ್ಲಿ ಒಪ್ಪಿಗೆ ಪಡೆದೆ. ಮರದ ಕಡ್ಡಿಯ ತುದಿಗೆ ಸುತ್ತಿದ ಹತ್ತಿ ಅಸಿಟೋನಿನಲ್ಲಿ ಅದ್ದಿ ಆ ಜಾಗಕ್ಕೆ ಮುಟ್ಟಿಸಿ ಹೊರಳಿಸಿದಾಗ ಬಿಳಿಯ ಹತ್ತಿಯ ಮೇಲೆ ಸಾಸಿವೆಯಷ್ಟು ನೀಲಿ ಬಂತು. ಗುರುತು ಆವಿಗೆಯನ್ನು ಕಂಡದ್ದೇ ಅಲ್ಲ.

ಅದಕ್ಕೂ ಹೆಚ್ಚಿನದು ಪಕ್ಕದಲ್ಲೇ ಇತ್ತು. ಬೆಳಕನ್ನು ಪೀಠಕ್ಕೆ ಸಮಾನಾಂತರವಾಗಿ, ಸಂಜೆಯ ಬಿಸಿಲು ಅಂಗಳದ ಮೇಲೆ ಓರೆಯಾಗಿ ಬೀಳುವ ಹಾಗೆ ಹಾಯಿಸಿದರೆ, ಕತ್ತಿಗಳಿಂದ ಒಂದು ಬೆರಳಗಲ ದೂರದಲ್ಲಿ ಲೇಪದ ಹೊಳಪು ಅಳಿದ ಒಂದು ಮಾಸಲು ಜಾಗ ಕಂಡಿತು. ಸಣ್ಣ ಸಣ್ಣ ಗೀರುಗಳೆಲ್ಲ ಒಂದೇ ದಿಕ್ಕಿನಲ್ಲಿದ್ದವು. ಯಾರೋ ಯಾವುದನ್ನೋ ಉಜ್ಜಿ ತೆಗೆದಿದ್ದರು. ಕೆಂಪು ಬಣ್ಣದ ಒಂದೆರಡು ಗೆರೆ ಮಾತ್ರ ಉಳಿದು, ಅವು ರೋಮನ್ ಲಿಪಿಯ ದೊಡ್ಡಕ್ಷರಗಳ ಭಾಗವೆಂಬುದು ಸ್ಪಷ್ಟವಿತ್ತು, ಆದರೆ ಓದಲು ಬರುವಷ್ಟು ಇರಲಿಲ್ಲ. ಹೊರದೇಶದಿಂದ ಬಂದ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾನೂನು ಕಡ್ಡಾಯ ಮಾಡಿತು. ಅಂದಿನಿಂದ ರಫ್ತಿನ ಪಿಂಗಾಣಿಯ ಅಡಿಯಲ್ಲಿ ದೇಶದ ಹೆಸರಿನ ಮುದ್ರೆ ಸಾಮಾನ್ಯವಾಯಿತು. ಉಜ್ಜಿದ್ದು ಅಂತಹದೇ ಒಂದು ಮುದ್ರೆ ಎಂದು ತೋರಿತು. ಆದರೆ ಯಾವ ದೇಶ?

ತಿರುವು

ಉತ್ತರ ಬಂದದ್ದು ನನ್ನ ಉಪಕರಣಗಳಿಂದಲ್ಲ. ಪರೀಕ್ಷೆಯ ನಡುವೆ ಯಜಮಾನತಿಯವರು ಒಮ್ಮೆ ಮಗನೊಂದಿಗೆ ಬಂದಿದ್ದರು. ಅವರು ಮಲೆನಾಡಿನ ತೋಟದ ಮನೆಯಲ್ಲಿ ಬೆಳೆದವರು, ಹಕ್ಕಿಗಳ ಗುರುತು ಬಲ್ಲವರು. 'ಈ ಹಕ್ಕಿ ತಪ್ಪು ಅಂತ ಇವರಿಗೆ ನಾನು ಮೊದಲೇ ಹೇಳಿದ್ದೆ' ಎಂದರು. ಅವರ ಮನೆಯಲ್ಲಿ ಹಕ್ಕಿಯನ್ನು ಕಿಟಕಿಯ ಕಡೆ ಮುಖ ಮಾಡಿ ಇಟ್ಟಿದ್ದರಂತೆ. ಅಡುಗೆಮನೆಯಿಂದ ನೋಡಿದರೆ ಅವರಿಗೆ ಇಪ್ಪತ್ತು ವರ್ಷ ಕಂಡದ್ದು ಅದರ ಬೆನ್ನು ಮತ್ತು ಕತ್ತಿನ ಹಿಂಭಾಗ. ನಾವು ತಜ್ಞರೆನಿಸಿಕೊಂಡವರು ಅಡಿಯನ್ನೂ ಮುಖವನ್ನೂ ನೋಡುತ್ತಿದ್ದೆವು. ಅವರು ನೋಡಿದ್ದು ಯಾರೂ ನೋಡದ ಕಡೆಯಿಂದ.

ಕತ್ತಿನ ಹಿಂದೆ ಒಂದು ಕರಿಪಟ್ಟಿ ಇತ್ತು. ಕೊಕ್ಕಿನ ಬುಡದಿಂದ ಹೊರಟು, ಕಣ್ಣನ್ನು ಹಾಯ್ದು, ಅಗಲವಾಗುತ್ತ ಹೋಗಿ, ನೆತ್ತಿಯ ಹಿಂದೆ ಎರಡೂ ಬದಿಯ ಪಟ್ಟಿಗಳು ಕೂಡಿಕೊಂಡಿದ್ದವು. ನಮ್ಮ ಹೊನ್ನಕ್ಕಿಗೆ ಕಣ್ಣಿಗೆ ಕಾಡಿಗೆ ತೀಡಿದಂತಹ ಕಪ್ಪು ಗೆರೆ ಕಣ್ಣನ್ನು ದಾಟಿ ತುಸು ಹಿಂದಕ್ಕೆ ಬಂದು ನಿಲ್ಲುತ್ತದೆ. ಯುರೋಪಿನ ಪಿರೋಲ್‌ಗೆ ಅಷ್ಟೂ ಇಲ್ಲ. ಕಪ್ಪು ಕೊಕ್ಕಿಗೂ ಕಣ್ಣಿಗೂ ನಡುವೆಯೇ ಮುಗಿಯುತ್ತದೆ. ಕತ್ತಿನ ಹಿಂದೆ ಪಟ್ಟಿ ಕೂಡುವುದು ಇನ್ನೊಂದು ಜಾತಿಯಲ್ಲಿ. ಅದು ಪೂರ್ವ ಚೀನಾದಲ್ಲಿ ಬೇಸಿಗೆಯಲ್ಲಿ ಗೂಡು ಕಟ್ಟುವ ಹೊನ್ನಕ್ಕಿ. ಅದರ ವೈಜ್ಞಾನಿಕ ಹೆಸರೇ ಒರಿಯೊಲಸ್ ಚೈನೆನ್ಸಿಸ್. ಚಳಿಗಾಲದಲ್ಲಿ ಪಶ್ಚಿಮಘಟ್ಟದ ಕಾಡುಗಳಿಗೂ ಕೆಲವು ಬರುವುದುಂಟು. ಯಜಮಾನತಿಯವರು ಹುಡುಗಿಯಾಗಿದ್ದಾಗ ತೋಟದ ಅಂಚಿನಲ್ಲಿ ಅಂತಹದೊಂದನ್ನು ನೋಡಿ, ತಮ್ಮ ಊರಿನ ಹೊನ್ನಕ್ಕಿಗಿಂತ ಬೇರೆ ಎಂದು ನೆನಪಿಟ್ಟಿದ್ದರು. ಗಂಡನಿಗೆ ಹೇಳಿದಾಗ, ಚಿತ್ರಕಾರನ ಸ್ವಾತಂತ್ರ್ಯವಿರಬೇಕು ಎಂದು ಅವರು ಮಾತು ಮುಗಿಸಿದ್ದರು.

ಮೊದಲ ಕ್ಷಣಕ್ಕೆ ನನಗೂ ಹಾಗೇ ಅನ್ನಿಸಿತೆಂದು ಒಪ್ಪಿಕೊಳ್ಳಬೇಕು. ಮೈಸನ್ನಿನ ಚಿತ್ರಕಾರರು ಹಕ್ಕಿಗೆ ತಮಗೆ ತೋಚಿದ ಬಣ್ಣ ಹಚ್ಚಿದ ನಿದರ್ಶನಗಳು ಸಾಕಷ್ಟಿವೆ, ಆದ್ದರಿಂದ ಬಣ್ಣವೊಂದನ್ನೇ ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಆದರೆ ತೋಚಿದಂತೆ ಬಳಿದ ಬಣ್ಣ ಬೇರೆ, ಇನ್ನೊಂದು ದೇಶದ ಹಕ್ಕಿಗೆ ಅಳತೆ ತಪ್ಪದೆ ಒಪ್ಪುವ ಬಣ್ಣ ಬೇರೆ. ಪಟ್ಟಿ ಕಣ್ಣಿನ ಹಿಂದೆ ಎಲ್ಲಿ ಅಗಲವಾಗುತ್ತದೆ, ನೆತ್ತಿಯ ಹಳದಿ ಎಷ್ಟು ಉಳಿಯುತ್ತದೆ, ರೆಕ್ಕೆಯ ಕಪ್ಪಿನಲ್ಲಿ ಹಳದಿ ಅಂಚು ಎಷ್ಟು ಹಬ್ಬಿದೆ ಎಂಬುದನ್ನೆಲ್ಲ ಪಕ್ಷಿ ಕೈಪಿಡಿಯ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಿದೆ. ಅಚ್ಚು ಮಾಡಿದವನ ಎದುರಿಗೆ ಯುರೋಪಿನ ಮಾದರಿಯಿತ್ತು. ಬಣ್ಣ ಹಚ್ಚಿದವಳ ಅಥವಾ ಹಚ್ಚಿದವನ ಕಣ್ಣಿನಲ್ಲಿ ಇದ್ದದ್ದು ಊರಿನ ಹಕ್ಕಿ. ಕುಂಚವನ್ನು ನೋಡಿದರೂ ಅದೇ ಮಾತು: ಮೈಸನ್ನಿನ ಗರಿಗಳಲ್ಲಿ ಸಣ್ಣ ಗೆರೆಗಳನ್ನು ಒಂದರ ಮೇಲೊಂದು ಹೆಣೆದಿರುತ್ತಾರೆ, ಇಲ್ಲಿ ಪ್ರತಿ ಗರಿಯೂ ಒಂದೇ ಎಳೆತ. ಕುಂಚ ದಪ್ಪವಾಗಿ ಇಳಿದು, ಹಗುರವಾಗಿ ಎದ್ದು, ತುದಿ ಕೂದಲಿನಷ್ಟು ಸಣ್ಣದಾಗಿದೆ. ಅಕ್ಷರ ಬರೆಯುವುದನ್ನು ಕುಂಚದಲ್ಲೇ ಕಲಿತ ಕೈಯಿಂದ ಬರುವ ಎಳೆತ ಅದು. ಅದನ್ನು ಗಾಜಿನಡಿ ನೋಡುತ್ತ ಕೂತಾಗ ಈ ಹಕ್ಕಿಯ ಬಗ್ಗೆ ನನಗೆ ಹೊಸದಾಗಿ ಗೌರವ ಹುಟ್ಟಿತು. ಇದು ಕೆಟ್ಟ ಮೈಸನ್ ಅಲ್ಲ. ಚೆನ್ನಾಗಿ ಮಾಡಿದ ಚೀನೀ ಕೆಲಸ.

ಆಮೇಲೆ ಉಳಿದದ್ದೆಲ್ಲ ಬೇಗ ಕೂಡಿಬಂತು. ಚೀನಾದ ಫುಜಿಯಾನ್ ಪ್ರಾಂತದ ದೆಹುವಾ ಊರು ಮಿಂಗ್ ಅರಸರ ಕಾಲದಿಂದ ಬಿಳಿಯ ಪಿಂಗಾಣಿ ಮೂರ್ತಿಗಳಿಗೆ ಹೆಸರಾದದ್ದು. ಅಲ್ಲಿಯ ಗ್ವಾನ್‌ಯಿನ್ ದೇವಿಯ ಮೂರ್ತಿಗಳು ಹದಿನೇಳನೆಯ ಶತಮಾನದಲ್ಲೇ ಯುರೋಪಿಗೆ ಹೋಗಿದ್ದವು, ಆಗಸ್ಟಸ್ ದೊರೆಯ ಸಂಗ್ರಹದಲ್ಲೂ ಇದ್ದವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದೇ ದೆಹುವಾ ಪಾಶ್ಚಾತ್ಯ ಶೈಲಿಯ ಅಲಂಕಾರದ ಗೊಂಬೆಗಳನ್ನು ರಫ್ತಿಗಾಗಿ ಅಪಾರ ಪ್ರಮಾಣದಲ್ಲಿ ತಯಾರಿಸಿತು. ವರದಿಯಲ್ಲಿ ನಾನು ದೆಹುವಾ ಎಂದು ಬರೆಯಲಿಲ್ಲ. ಮಣ್ಣಿನ ಧಾತುಗಳ ವಿಶ್ಲೇಷಣೆಗೆ ಆಗುವ ಖರ್ಚು ಹಕ್ಕಿಯ ಬೆಲೆಗಿಂತ ಹೆಚ್ಚಾಗುತ್ತಿತ್ತು. 'ಚೀನಾ, ಇಪ್ಪತ್ತನೆಯ ಶತಮಾನದ ಕೊನೆಯ ಭಾಗ, ಯುರೋಪಿಯನ್ ಶೈಲಿ, ರಫ್ತಿಗಾಗಿ. ಕತ್ತಿಗಳ ಗುರುತು ನಂತರ ಸೇರಿಸಿದ್ದು' ಎಂದಷ್ಟೇ ಬರೆದೆ.

ಗುರುತನ್ನು ಉಜ್ಜಿ ಬೇರೆಯದನ್ನು ಬರೆದವರು ಚೀನಾದ ಕೆಲಸಗಾರರಲ್ಲ ಎಂಬುದನ್ನು ಯಜಮಾನತಿಯವರಿಗೆ ಒತ್ತಿ ಹೇಳಿದೆ. ಅವರು ತಮ್ಮ ದೇಶದ ಹೆಸರನ್ನು ಅಡಿಯಲ್ಲಿ ಒತ್ತಿಯೇ ಕಳಿಸಿದ್ದರು; ಅಳಿಸಿದ್ದು ನಡುವೆ ಕೈಬದಲಾಯಿಸಿದ ಯಾರೋ ವ್ಯಾಪಾರಿ. ಈ ಕೈಚಳಕ ಮೈಸನ್ನಿನಷ್ಟೇ ಹಳೆಯದು. 1729ರ ಸುಮಾರಿಗೆ ಪ್ಯಾರಿಸ್ಸಿನ ರೊಡಾಲ್ಫ್ ಲೆಮೇರ್ ಎಂಬ ವ್ಯಾಪಾರಿ ಜಪಾನೀ ಪಾತ್ರೆಗಳ ನಕಲನ್ನು ಮೈಸನ್ನಿನಲ್ಲಿ ಮಾಡಿಸಿ, ಕತ್ತಿಗಳನ್ನು ಲೇಪದ ಕೆಳಗೆ ಹಾಕದೆ ಮೇಲೆ ಬಳಿಯುವಂತೆ ಏರ್ಪಾಡು ಮಾಡಿಕೊಂಡಿದ್ದ. ಹಾಗೆ ಬಳಿದದ್ದನ್ನು ಉಜ್ಜಿ ತೆಗೆದು ಪಾತ್ರೆಗಳನ್ನು ಜಪಾನಿನವೆಂದೇ ಮಾರಬಹುದಿತ್ತು. ಆ ಹಗರಣ 1731ರಲ್ಲಿ ಬಯಲಾಗಿ, ಅವನ ಬೆನ್ನಿಗಿದ್ದ ಮಂತ್ರಿ ಕೌಂಟ್ ಹೋಯ್ಮ್ ಅಧಿಕಾರ ಕಳೆದುಕೊಂಡ. ಅಂದು ಮೈಸನ್ನಿನ ಕತ್ತಿ ಅಳಿಸಿದರೆ ಬೆಲೆ ಬರುತ್ತಿತ್ತು, ನಮ್ಮ ಕಾಲದಲ್ಲಿ ಬರೆದರೆ ಬರುತ್ತದೆ.

ನಿರ್ಧಾರಗಳು

ವಿಮೆಯ ವಿಷಯ ಸುಲಭವಾಗಿರಲಿಲ್ಲ. ತಂದೆ ನಂಬಿದ್ದನ್ನು ಈಗ ಸುಳ್ಳೆಂದು ಬರೆದುಕೊಡುವುದು ಮಗನಿಗೆ ನೋವಿನ ಮಾತಾಗಿತ್ತು. ನನ್ನ ಮೊದಲ ವಾಕ್ಯ ಕಡತದಲ್ಲಿದೆ, ಅದನ್ನೇ ಉಳಿಸಿಕೊಳ್ಳಬಾರದೇಕೆ ಎಂದು ಒಮ್ಮೆ ಕೇಳಿದರು. ಆ ವಾಕ್ಯವನ್ನು ನಾನು ಹಿಂತೆಗೆದುಕೊಳ್ಳುವ ಪತ್ರವನ್ನು ಅದಾಗಲೇ ಬರೆದಿದ್ದೆ. ಅದನ್ನು ಅವರ ಎದುರಿಗೇ ಓದಿದೆ. ತಾಯಿ ಹೆಚ್ಚು ಮಾತಾಡಲಿಲ್ಲ. ಕೇಳಿದ ಪರಿಹಾರವನ್ನು ಕೈಬಿಟ್ಟು, ದುರಸ್ತಿಯ ಖರ್ಚನ್ನಷ್ಟೇ ಕೇಳುವುದೆಂದು ಅವರು ತೀರ್ಮಾನಿಸಿದರು. ವಿಮಾ ಸಂಸ್ಥೆ ಅದನ್ನು ಎರಡು ವಾರದಲ್ಲಿ ಕೊಟ್ಟಿತು. ಮೊದಲ ಮೊತ್ತಕ್ಕೇ ಅಂಟಿಕೊಂಡು, ಸತ್ಯ ಅವರ ತಜ್ಞರಿಂದ ಹೊರಬಂದಿದ್ದರೆ, ಮನೆಯ ಉಳಿದ ವಸ್ತುಗಳ ಪಟ್ಟಿಯ ಮೇಲೂ ಅನುಮಾನ ಬೀಳುತ್ತಿತ್ತು.

ಕೊಕ್ಕಿನ ಪ್ರಶ್ನೆಯನ್ನು ಗುರುತಿನ ಪ್ರಶ್ನೆಯೇ ಬಿಡಿಸಿತು. ಮೊದಲ ದಿನವೇ ದುರಸ್ತಿಗೆ ಕೂತಿದ್ದರೆ ನಾನು ಕೆಂಡ್ಲರನ ಹೊನ್ನಕ್ಕಿಗಳನ್ನು ನೋಡಿಕೊಂಡು ಸಪೂರವಾದ ತುದಿಯನ್ನು ಕಟ್ಟುತ್ತಿದ್ದೆ, ಮತ್ತು ಅದು ತಪ್ಪಾಗುತ್ತಿತ್ತು. ಚೀನೀ ಹೊನ್ನಕ್ಕಿಯ ಕೊಕ್ಕು ಹೆಚ್ಚು ಗಟ್ಟಿ, ಹೆಚ್ಚು ದಪ್ಪ. ಉಳಿದಿದ್ದ ಬುಡದ ಬಾಗನ್ನು ಮುಂದಕ್ಕೆ ಎಳೆದು ನೋಡಿದರೆ ಅದೂ ಹಾಗೇ ಹೋಗುತ್ತಿತ್ತು. ಮೊದಲು ಅದನ್ನು ಅಚ್ಚಿನ ದೋಷವೆಂದು ಭಾವಿಸಿದ್ದೆ. ಎಂದರೆ ಊರಿನ ಹಕ್ಕಿ ಬಣ್ಣಕ್ಕೆ ಮಾತ್ರವಲ್ಲ, ಅಚ್ಚು ಕೆತ್ತಿದವನ ಕೈಗೂ ಬಂದಿತ್ತು. ತುದಿಯನ್ನು ಎಪಾಕ್ಸಿ ಲೇಪದಲ್ಲಿ ಬಿಡಿಯಾಗಿ ಮಾಡಿ, ಬಣ್ಣ ಹೊಂದಿಸಿ, ಮುಂದೆ ಬೇಕಾದರೆ ಬಿಡಿಸಬಹುದಾದ ಪ್ಯಾರಾಲಾಯ್ಡ್ ಬಿ-72 ಅಂಟಿನಿಂದ ಕೂಡಿಸಿದೆ. ಎಲೆಗಳಿಗೂ ಅದೇ ಅಂಟು. ಎಲೆಗಳಲ್ಲಿ ಒಂದರ ಬೆನ್ನಿಗೆ, ಅಂಟಿಸುವ ಮುನ್ನ ಮೆತ್ತಗಿನ ಮಣ್ಣಿನಲ್ಲಿ ಮೂಡಿದ ಬೆರಳಚ್ಚಿನ ನಾಲ್ಕು ಗೆರೆ ಇದ್ದವು. ಅದನ್ನು ಹಾಗೇ ಬಿಟ್ಟು, ಅಂಟು ಆ ಗೆರೆಗಳಿಗೆ ತಾಗದಂತೆ ನೋಡಿಕೊಂಡೆ.

ನಾನಂತೂ ಈ ಪ್ರಕರಣದ ನಂತರ ಕೆಲಸದ ಕ್ರಮವನ್ನು ಬದಲಿಸಿದ್ದೇನೆ. ಚಿತ್ರ ಕಳಿಸುವವರಿಗೆ ಪೀಠದ ಅಡಿಯ ಚಿತ್ರ ಬೇಡವೆಂದೇ ಹೇಳುತ್ತೇನೆ. ಬೆನ್ನು, ಬದಿ, ಮುರಿದ ಅಂಚು, ತೂತಿನ ಒಳಗು ಇವನ್ನು ಮೊದಲು ಕೇಳುತ್ತೇನೆ. ವಸ್ತುವಿನ ಜೊತೆ ವರ್ಷಗಟ್ಟಲೆ ಬಾಳಿದವರು ಅದರಲ್ಲಿ ಏನಾದರೂ ಸರಿಯಿಲ್ಲವೆಂದರೆ, ಕಾರಣ ಹೇಳಲು ಅವರಿಗೆ ಬರದಿದ್ದರೂ ಅದನ್ನು ಟಿಪ್ಪಣಿಯ ಮೊದಲ ಸಾಲಿನಲ್ಲಿ ಬರೆದುಕೊಳ್ಳುತ್ತೇನೆ. ವಸ್ತುವನ್ನು ಕೈಯಲ್ಲಿ ಹಿಡಿಯುವವರೆಗೆ ಅರ್ಧ ವಾಕ್ಯವನ್ನೂ ಬರೆಯುವುದಿಲ್ಲ. ಮಾದರಿ ಎಲ್ಲಿಯದು, ಅಚ್ಚು ಎಲ್ಲಿಯದು, ಬಣ್ಣ ಯಾರ ಕೈಯದು, ಗುರುತು ಯಾವಾಗ ಬಂತು ಎಂಬ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಬೇರೆ ಉತ್ತರಗಳಿರಬಹುದು. ಅವನ್ನು 'ಅಸಲಿಯೋ ನಕಲಿಯೋ' ಎಂಬ ಒಂದೇ ಪ್ರಶ್ನೆಯೊಳಗೆ ತುರುಕಿದ್ದರಿಂದಲೇ ಈ ಹಕ್ಕಿ ಇಪ್ಪತ್ತು ವರ್ಷ ತನ್ನದಲ್ಲದ ಹೆಸರಿನಲ್ಲಿ ಕೂತಿತ್ತು.

ಕೊನೆಗೆ ಉಳಿದದ್ದು ಕತ್ತಿಗಳು. ವಸ್ತುವಿನ ಇತಿಹಾಸದಲ್ಲಿ ವಂಚನೆಯೂ ಒಂದು ಭಾಗ, ಅದನ್ನು ಹಾಗೇ ಬಿಟ್ಟು ವರದಿಯಲ್ಲಿ ದಾಖಲಿಸೋಣ ಎಂಬುದು ನನ್ನ ಸಲಹೆಯಾಗಿತ್ತು. ಯಜಮಾನತಿಯವರು ಒಪ್ಪಲಿಲ್ಲ. ವರದಿ ಒಂದು ಕಡೆ, ಹಕ್ಕಿ ಒಂದು ಕಡೆ ಆಗುವ ದಿನ ಬಂದೇ ಬರುತ್ತದೆ, ಆಗ ಇನ್ನೊಬ್ಬರು ತಮ್ಮ ಯಜಮಾನರಂತೆಯೇ ನಂಬಿ ದುಡ್ಡು ಕೊಡುತ್ತಾರೆ ಎಂದರು. ಅವರ ಮಾತು ನನ್ನದಕ್ಕಿಂತ ಸರಿಯಾಗಿತ್ತು. ಗುರುತನ್ನು ನಾಲ್ಕು ಬಗೆಯ ಬೆಳಕಿನಲ್ಲಿ ಚಿತ್ರ ತೆಗೆದು, ಅಳತೆ ಬರೆದಿಟ್ಟು, ಅವರ ಎದುರಿಗೇ ಅಸಿಟೋನಿನಲ್ಲಿ ಒರೆಸಿದೆ. ನೀಲಿಯಾದ ಹತ್ತಿಯನ್ನು ಗಾಜಿನ ಕೊಳವೆಯಲ್ಲಿ ಹಾಕಿ ವರದಿಯ ಜೊತೆ ಕಟ್ಟಿಕೊಟ್ಟೆ. ಕತ್ತಿಯ ಅಲಗು ಹಾಯ್ದಿದ್ದ ಜಾಗದಲ್ಲಿ, ಉಜ್ಜಿದವನ ಕೈ ತಲುಪದೆ ಬಣ್ಣದಡಿ ಮುಚ್ಚಿಹೋಗಿದ್ದ ಮೂರು ಕೆಂಪು ಅಕ್ಷರಗಳು ಹೊರಬಂದವು: ಚೈನಾ ಎಂಬ ಪದದ ರೋಮನ್ ಬರಹದ ಕೊನೆಯ ಮೂರು. ಹಕ್ಕಿ ಈಗ ಮೈಸೂರಿನ ಮನೆಯಲ್ಲಿದೆ. ಮಗ ಕಳಿಸಿದ ಚಿತ್ರದಲ್ಲಿ ಅದರ ಮುಖ ಕಿಟಕಿಯ ಕಡೆಗೇ ಇದೆ, ಕತ್ತಿನ ಪಟ್ಟಿ ಅಡುಗೆಮನೆಯ ಬಾಗಿಲಿಗೆ ಕಾಣುವ ಹಾಗೆ.